ಸ್ಪೆನ್ಸರ್ ಟೊರ್ಕೆಲ್ಸನ್: ಕಾಲೇಜಿನ 54 ಹೋಮ್ ರನ್‌ಗಳು ಹೇಳಿದ್ದು, ಹೇಳದೆ ಉಳಿಸಿದ್ದು

2017ರ ಜೂನ್ ತಿಂಗಳಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳು 40 ಸುತ್ತುಗಳ ಡ್ರಾಫ್ಟ್‌ನಲ್ಲಿ 1,200ಕ್ಕೂ ಹೆಚ್ಚು ಯುವ ಆಟಗಾರರನ್ನು ಆರಿಸಿಕೊಂಡವು. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಪೆಟಲೂಮಾ ಪಟ್ಟಣದಲ್ಲಿ ಆಗಷ್ಟೇ ಹೈಸ್ಕೂಲು ಮುಗಿಸಿದ್ದ ಸ್ಪೆನ್ಸರ್ ಟೊರ್ಕೆಲ್ಸನ್ ಅವರ ಹೆಸರು ಅಷ್ಟು ಉದ್ದದ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಮೂರು ವರ್ಷ ಕಳೆದು, 2020ರ ಜೂನ್ 10ರಂದು, ಕೋವಿಡ್ ಕಾರಣದಿಂದ ಸಭಿಕರಿಲ್ಲದೆ ನಡೆದ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಕೇಳಿಬಂದ ಹೆಸರು ಅವರದೇ ಆಗಿತ್ತು. ಅವರನ್ನು ಆರಿಸಿಕೊಂಡ ಡೆಟ್ರಾಯಿಟ್ ಟೈಗರ್ಸ್ ತಂಡ ಸಹಿ ಹಾಕಿಸಿಕೊಳ್ಳುವಾಗ ಕೊಟ್ಟ ಮೊತ್ತ 84,16,300 ಡಾಲರ್. ಡ್ರಾಫ್ಟ್‌ನಲ್ಲಿ ಆರಿಸಿದ ಆಟಗಾರನಿಗೆ ಅಲ್ಲಿಯವರೆಗೆ ಅಷ್ಟು ದೊಡ್ಡ ಬೋನಸ್ ಸಿಕ್ಕಿರಲಿಲ್ಲ.

ಈ ಎರಡು ಡ್ರಾಫ್ಟ್‌ಗಳ ನಡುವಿನ ಮೂರು ವರ್ಷಗಳನ್ನು ಟೊರ್ಕೆಲ್ಸನ್ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಳೆದರು. ಒಬ್ಬ ಕಾಲೇಜು ಬ್ಯಾಟರ್‌ನ ಅಂಕಿಗಳು ಮುಂದಿನ ಬದುಕಿನ ಬಗ್ಗೆ ಎಷ್ಟನ್ನು ಹೇಳಬಲ್ಲವು ಎಂಬ ಪ್ರಶ್ನೆಗೆ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಈಚಿನ ವರ್ಷಗಳಲ್ಲಿ ನನಗೆ ಕಂಡಿಲ್ಲ. ಎರಡು ಬಾರಿ ಕೆಳಗಿನ ದರ್ಜೆಗೆ ತಳ್ಳಲ್ಪಟ್ಟು ಎರಡು ಬಾರಿ ಮೇಲೆದ್ದು ಬಂದಿರುವ ಅವರನ್ನು ಅಮೆರಿಕದ ಕ್ರೀಡಾ ಬರಹಗಾರರು ಒಮ್ಮೆ ಭವಿಷ್ಯದ ತಾರೆ ಎಂದೂ ಮತ್ತೊಮ್ಮೆ ವ್ಯರ್ಥವಾದ ಆಯ್ಕೆ ಎಂದೂ ಕರೆದಿದ್ದಾರೆ. ಎರಡೂ ತೀರ್ಪುಗಳು ಅವಸರದವು. ಅವರ ಹೆಸರನ್ನು ದೊಡ್ಡದು ಮಾಡಿದ ಹೋಮ್ ರನ್‌ಗಳ, ಅಂದರೆ ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತಗಳ, ಲೆಕ್ಕವೇ ಆ ಅವಸರಕ್ಕೆ ಕಾರಣ ಎಂಬುದು ನನ್ನ ಎಣಿಕೆ.

ಮೊದಲು ಆ ಲೆಕ್ಕವನ್ನೇ ನೋಡೋಣ. 2018ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲೇ, ಅವರು 25 ಹೋಮ್ ರನ್ ಬಾರಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗರಾದರು. ಅರಿಜೋನಾ ಸ್ಟೇಟ್‌ನಲ್ಲಿ ಮೊದಲ ವರ್ಷದ ಆಟಗಾರನೊಬ್ಬ ಅಲ್ಲಿಯವರೆಗೆ ಬಾರಿಸಿದ್ದ ಅತಿ ಹೆಚ್ಚು ಹೋಮ್ ರನ್ 11. ಆ ದಾಖಲೆ 1983ರದು. ಅದನ್ನು ಬರೆದವರು ಮುಂದೆ ಮೇಜರ್ ಲೀಗ್‌ನಲ್ಲಿ 762 ಹೋಮ್ ರನ್ ಬಾರಿಸಿ ಇಂದಿಗೂ ಅಗ್ರಸ್ಥಾನದಲ್ಲಿರುವ ಬ್ಯಾರಿ ಬಾಂಡ್ಸ್. 2019ರಲ್ಲಿ ಟೊರ್ಕೆಲ್ಸನ್ ಇನ್ನೂ 23 ಹೋಮ್ ರನ್ ಸೇರಿಸಿದರು, ಬ್ಯಾಟಿಂಗ್ ಸರಾಸರಿ 0.351ಕ್ಕೆ ಏರಿತು. 2020ರ ಋತು ಕೋವಿಡ್‌ನಿಂದಾಗಿ 17 ಪಂದ್ಯಗಳಿಗೇ ನಿಂತುಹೋಯಿತು. ಆ ವೇಳೆಗೆ ಅವರ ಹೆಸರಿನಲ್ಲಿ ಇನ್ನೂ 6 ಸೇರಿದ್ದವು. ಒಟ್ಟು 54. ಅರಿಜೋನಾ ಸ್ಟೇಟ್‌ನಲ್ಲಿ ಬಾಬ್ ಹಾರ್ನರ್ ಬರೆದಿದ್ದ 56ರ ದಾಖಲೆಗೆ ಎರಡೇ ಕಡಿಮೆ.

ಬೇಸ್‌ಬಾಲ್ ಅಷ್ಟಾಗಿ ಪರಿಚಯವಿಲ್ಲದ ಕನ್ನಡ ಓದುಗರಿಗಾಗಿ ಇಲ್ಲಿ ಕೆಲವು ಮಾತು ಹೇಳಬೇಕು. ಬ್ಯಾಟಿಂಗ್ ಸರಾಸರಿ ಎಂದರೆ ಕ್ರಿಕೆಟ್‌ನಲ್ಲಿರುವಂತೆ ಔಟಾಗುವ ಮುನ್ನ ಗಳಿಸಿದ ಓಟಗಳ ಲೆಕ್ಕವಲ್ಲ. ಬ್ಯಾಟರ್ ಎಷ್ಟು ಬಾರಿ ಚೆಂಡನ್ನು ಹೊಡೆದು ಸುರಕ್ಷಿತವಾಗಿ ಬೇಸ್ (ಓಡಿ ತಲುಪಬೇಕಾದ ಗುರುತಿನ ಜಾಗ) ಮುಟ್ಟಿದ ಎಂಬುದರ ಪ್ರಮಾಣ. ಹತ್ತರಲ್ಲಿ ಮೂರು ಬಾರಿ ಮುಟ್ಟಿದರೆ 0.300, ಮೇಜರ್ ಲೀಗ್‌ನಲ್ಲಿ ಅದು ಉತ್ತಮ ಬ್ಯಾಟರ್‌ನ ಗುರುತು. ಪಿಚರ್ ಎಸೆದ ಚೆಂಡು ನಿಗದಿತ ಚೌಕದೊಳಗೆ ಬಂದರೆ ಸ್ಟ್ರೈಕ್. ಹೊರಗೆ ಹೋದ ಚೆಂಡಿಗೆ ಬ್ಯಾಟ್ ಬೀಸದಿದ್ದರೆ ಅದು ಬಾಲ್. ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್, ನಾಲ್ಕು ಬಾಲ್‌ಗೆ ಮೊದಲ ಬೇಸ್‌ಗೆ ಉಚಿತ ನಡಿಗೆ. ಆ ನಡಿಗೆಯನ್ನು ವಾಕ್ ಎನ್ನುತ್ತಾರೆ. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಟ್ಟುಬಿಡುವ ಆರಂಭಿಕ ಆಟಗಾರನ ವಿವೇಕಕ್ಕೆ ಕ್ರಿಕೆಟ್‌ನಲ್ಲಿ ಮೆಚ್ಚುಗೆ ಸಿಗುತ್ತದೆ, ಬೇಸ್‌ಬಾಲ್‌ನಲ್ಲಿ ಅದೇ ವಿವೇಕಕ್ಕೆ ಒಂದು ಬೇಸ್ ಬಹುಮಾನವಾಗಿಯೇ ಸಿಗುತ್ತದೆ.

ಇಷ್ಟು ತಿಳಿದ ಮೇಲೆ 2020ರ ಆ ತುಂಡು ಋತುವನ್ನು ಮತ್ತೆ ನೋಡಿದರೆ ಬೇರೊಂದು ಅಂಕಿ ಕಣ್ಣಿಗೆ ಬೀಳುತ್ತದೆ. 17 ಪಂದ್ಯಗಳಲ್ಲಿ ಟೊರ್ಕೆಲ್ಸನ್‌ಗೆ ಸಿಕ್ಕಿದ ವಾಕ್‌ಗಳು 31. ಪಂದ್ಯಕ್ಕೆ ಸರಿಸುಮಾರು ಎರಡು. ಎದುರಾಳಿ ತಂಡಗಳು ಅವರಿಗೆ ಚೆಂಡು ಹಾಕುವುದನ್ನೇ ಬಿಟ್ಟಿದ್ದವು ಎನ್ನಬಹುದು, ಏಕೆಂದರೆ ಚೌಕದೊಳಗೆ ಎಸೆದು ಹೋಮ್ ರನ್ ಹೊಡೆಸಿಕೊಳ್ಳುವುದಕ್ಕಿಂತ ಮೊದಲ ಬೇಸ್ ಬಿಟ್ಟುಕೊಡುವುದೇ ಅವರಿಗೆ ಅಗ್ಗವಾಗಿ ಕಂಡಿತು. ಇಪ್ಪತ್ತು ವರ್ಷದ ಯುವಕನಿಗೆ ಇಂಥ ಸನ್ನಿವೇಶ ಕಠಿಣವಾದದ್ದು. ಡ್ರಾಫ್ಟ್‌ಗೆ ಮೂರು ತಿಂಗಳಿದ್ದು, ತಂಡಗಳ ಪರಿವೀಕ್ಷಕರು ಗ್ಯಾಲರಿಯಲ್ಲಿ ಕುಳಿತು ಗಮನಿಸುತ್ತಿರುವಾಗ, ಕೈಗೆಟುಕದ ಚೆಂಡಿಗೂ ಬ್ಯಾಟ್ ಬೀಸಿ ತನ್ನ ಬಲವನ್ನು ತೋರಿಸಿಬಿಡಬೇಕೆಂಬ ಆಸೆ ಹುಟ್ಟುವುದು ಸಹಜ. ಅವರು ಬೀಸಲಿಲ್ಲ. ಕಾಲೇಜು ಅಂಗಳದಲ್ಲಿ ಅವರು ಮಾಡಿದ್ದರಲ್ಲಿ ನನಗೆ ಅತಿ ಮಹತ್ವದ್ದಾಗಿ ಕಾಣುವುದು ಈ ಸಂಯಮವೇ. ಹೋಮ್ ರನ್ ಹೊಡೆಯಲು ಎದುರಾಳಿಯ ತಪ್ಪೂ ಬೇಕು, ತನ್ನ ಚೆಂಡು ಯಾವುದೆಂದು ಗುರುತಿಸುವ ಕಣ್ಣಿಗೆ ಎದುರಾಳಿಯ ಸಹಾಯ ಬೇಕಿಲ್ಲ.

ಆದರೆ ಜನರ ನೆನಪಿನಲ್ಲಿ ಉಳಿದದ್ದು 31 ಅಲ್ಲ, 54. ಅದಕ್ಕೆ ಅರಿಜೋನಾ ಸ್ಟೇಟ್‌ನ ಪರಂಪರೆಯೂ ಒಂದು ಕಾರಣ. 1965ರಲ್ಲಿ ಮೇಜರ್ ಲೀಗ್ ಡ್ರಾಫ್ಟ್ ಆರಂಭವಾದಾಗ ಮೊಟ್ಟಮೊದಲ ಆಯ್ಕೆಯಾದ ರಿಕ್ ಮಂಡೇ ಅದೇ ವಿಶ್ವವಿದ್ಯಾಲಯದವರು. ಮುಂದಿನ ವರ್ಷ ಎರಡನೇ ಆಯ್ಕೆಯಾದ ರೆಜಿ ಜಾಕ್ಸನ್ ಕೂಡ ಅಲ್ಲಿಯವರು. 1976ರಲ್ಲಿ ಫ್ಲಾಯ್ಡ್ ಬ್ಯಾನಿಸ್ಟರ್, 1978ರಲ್ಲಿ ಬಾಬ್ ಹಾರ್ನರ್ ಮೊದಲ ಆಯ್ಕೆಯಾದರು. ಹಾರ್ನರ್ ಅವರಂತೂ ಮೇಜರ್ ಲೀಗ್‌ನ ಕೆಳಗಿನ ದರ್ಜೆಯಾದ ಮೈನರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡದೆ, ಕಾಲೇಜಿನಿಂದ ನೇರವಾಗಿ ಅಟ್ಲಾಂಟಾ ಬ್ರೇವ್ಸ್ ತಂಡಕ್ಕೆ ಬಂದು, ಆಡಿದ ಮೊದಲ ಪಂದ್ಯದಲ್ಲೇ ಹೋಮ್ ರನ್ ಹೊಡೆದು, 89 ಪಂದ್ಯಗಳಲ್ಲಿ 23 ಹೋಮ್ ರನ್‌ಗಳೊಂದಿಗೆ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡರು. ಹಾರ್ನರ್ ದಾಖಲೆಯ ಪಕ್ಕಕ್ಕೆ ಬಂದು ನಿಂತ ಯುವಕನ ಬಗ್ಗೆ ಹುಟ್ಟಿದ ನಿರೀಕ್ಷೆ ಯಾವ ಮಟ್ಟದ್ದಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿಯೇ ಕಾಲೇಜು ಆಟಕ್ಕೂ ಮೇಜರ್ ಲೀಗ್ ಆಟಕ್ಕೂ ನಡುವೆ ಇರುವ ಅಂತರವನ್ನು ಅಳೆಯಬೇಕಾಗುತ್ತದೆ. ಮೊದಲನೆಯದು ಬ್ಯಾಟ್. 1974ರಿಂದ ಅಮೆರಿಕದ ಕಾಲೇಜುಗಳಲ್ಲಿ ಅಲ್ಯೂಮಿನಿಯಂ ಬ್ಯಾಟ್ ಬಳಕೆಯಲ್ಲಿದೆ. ಮರದ ಬ್ಯಾಟ್‌ಗಳು ಮೇಲಿಂದ ಮೇಲೆ ಮುರಿಯುವುದರಿಂದ ಆಗುವ ಖರ್ಚನ್ನು ತಪ್ಪಿಸುವುದು ಅದರ ಮೂಲ ಉದ್ದೇಶವಾಗಿತ್ತು. ಒಳಗೆ ಟೊಳ್ಳಾಗಿರುವ ಲೋಹದ ಬ್ಯಾಟ್ ಚೆಂಡು ತಗುಲಿದಾಗ ಕೊಂಚ ಒಳಕ್ಕೆ ಬಾಗಿ ಸ್ಪ್ರಿಂಗಿನಂತೆ ಮರಳಿ ಚಿಮ್ಮುತ್ತದೆ, ಆದ್ದರಿಂದ ಚೆಂಡು ಹೆಚ್ಚು ವೇಗವಾಗಿ ಹಾರುತ್ತದೆ. ತೊಂಬತ್ತರ ದಶಕದಲ್ಲಿ ಇದು ವಿಪರೀತಕ್ಕೆ ಹೋಯಿತು. 1998ರ ಕಾಲೇಜು ವರ್ಲ್ಡ್ ಸೀರೀಸ್‌ನ ಅಂತಿಮ ಪಂದ್ಯದಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಇದೇ ಅರಿಜೋನಾ ಸ್ಟೇಟ್ ತಂಡವನ್ನು 21–14ರಿಂದ ಸೋಲಿಸಿತು. ಬೇಸ್‌ಬಾಲ್‌ನ ಮಟ್ಟಿಗೆ ಆ ಅಂಕ ನಂಬಲಾಗದಷ್ಟು ದೊಡ್ಡದು.

2011ರಲ್ಲಿ ಬಂದ ಬಿಬಿಸಿಒಆರ್ ಎಂಬ ಮಾನದಂಡ ಲೋಹದ ಬ್ಯಾಟ್‌ನ ಆ ಚಿಮ್ಮುವಿಕೆಗೆ ಮಿತಿ ಹಾಕಿ ಅದನ್ನು ಮರದ ಬ್ಯಾಟ್‌ನ ಸಮೀಪಕ್ಕೆ ತಂದಿತು. ಕಾಲೇಜು ಹೋಮ್ ರನ್‌ಗಳು ಒಂದೇ ವರ್ಷದಲ್ಲಿ ಅರ್ಧದಷ್ಟಕ್ಕೆ ಹತ್ತಿರ ಇಳಿದವು. ಆಟ ತೀರಾ ಸಪ್ಪೆಯಾಯಿತೆಂದು 2015ರಿಂದ ಹೊಲಿಗೆಯ ಉಬ್ಬು ಕಡಿಮೆಯಿರುವ, ಗಾಳಿಯಲ್ಲಿ ಹೆಚ್ಚು ದೂರ ಸಾಗುವ ಚೆಂಡನ್ನು ತಂದರು. ಟೊರ್ಕೆಲ್ಸನ್ ಆಡಿದ್ದು ಇದರ ನಂತರದ ಕಾಲದಲ್ಲಿ, ಅದೂ ಒಣ ಬಿಸಿಗಾಳಿಯ ಫೀನಿಕ್ಸ್ ನಗರದ ಮೈದಾನದಲ್ಲಿ. ಹೀಗಾಗಿ 1983ರ 11ನ್ನೂ 2018ರ 25ನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವವರು ಚೆಂಡು ಬೇರೆ, ಬ್ಯಾಟ್ ಬೇರೆ, ಮೈದಾನ ಬೇರೆ ಎಂಬುದನ್ನು ಮರೆಯಬಾರದು.

ಮಾನದಂಡ ಬಿಗಿಯಾದ ಮೇಲೆಯೂ ಮರಕ್ಕೂ ಲೋಹಕ್ಕೂ ನಡುವೆ ಉಳಿದಿರುವ ಒಂದು ವ್ಯತ್ಯಾಸ ಬ್ಯಾಟರ್‌ನ ಅಭ್ಯಾಸವನ್ನೇ ರೂಪಿಸುತ್ತದೆ. ದೇಹದ ಹತ್ತಿರಕ್ಕೆ ನುಗ್ಗಿಬರುವ ವೇಗದ ಚೆಂಡು ಹಿಡಿಕೆಯ ಬಳಿ ತಗುಲಿದರೆ ಮರದ ಬ್ಯಾಟ್ ಮುರಿಯುತ್ತದೆ, ಚೆಂಡು ಮೆತ್ತಗೆ ಉರುಳಿ ಬ್ಯಾಟರ್ ಔಟಾಗುತ್ತಾನೆ. ಲೋಹದ ಬ್ಯಾಟ್ ಮುರಿಯುವುದಿಲ್ಲವಾದ್ದರಿಂದ ಅದೇ ಚೆಂಡು ಒಳ ಆವರಣದ ಫೀಲ್ಡರ್‌ಗಳ ತಲೆಯ ಮೇಲೆ ಹಾರಿ ಹಿಟ್ ಆಗಬಹುದು. ಅಂದರೆ ಕಾಲೇಜಿನಲ್ಲಿ ಶಿಕ್ಷೆಯಿಲ್ಲದೆ ಪಾರಾಗುತ್ತಿದ್ದ ತಪ್ಪುಗಳಿಗೆ ಮೇಲಿನ ದರ್ಜೆಯಲ್ಲಿ ಶಿಕ್ಷೆ ಇದೆ. ಬೇಸಿಗೆಯಲ್ಲಿ ಮ್ಯಾಸಚೂಸೆಟ್ಸ್‌ನ ಕರಾವಳಿಯಲ್ಲಿ ನಡೆಯುವ ಕೇಪ್ ಕಾಡ್ ಲೀಗ್‌ಗೆ ಪರಿವೀಕ್ಷಕರು ಅಷ್ಟು ಬೆಲೆ ಕೊಡುವುದು ಇದೇ ಕಾರಣಕ್ಕೆ, ಅಲ್ಲಿ ಕಾಲೇಜು ಹುಡುಗರು ಮರದ ಬ್ಯಾಟ್ ಹಿಡಿಯುತ್ತಾರೆ. ಟೊರ್ಕೆಲ್ಸನ್ ಕೂಡ ಅಲ್ಲಿ ಚಾಟಮ್ ತಂಡಕ್ಕೆ ಆಡಿದ್ದರು.

ಬ್ಯಾಟ್‌ಗಿಂತ ದೊಡ್ಡ ವ್ಯತ್ಯಾಸ ಎದುರಿಗೆ ನಿಂತ ಪಿಚರ್‌ನದು. ಕಾಲೇಜು ಋತುವಿನಲ್ಲಿ ಮುಖ್ಯ ಪಂದ್ಯಗಳು ಶುಕ್ರವಾರದಿಂದ ಭಾನುವಾರದವರೆಗೆ ಮೂರರ ಸರಣಿಯಾಗಿ ನಡೆಯುತ್ತವೆ. ತಂಡದ ಅತ್ಯುತ್ತಮ ಪಿಚರ್ ಶುಕ್ರವಾರ ಎಸೆಯುತ್ತಾನೆ, ಭಾನುವಾರದ ಹೊತ್ತಿಗೆ ಗುಣಮಟ್ಟ ಇಳಿದಿರುತ್ತದೆ, ವಾರದ ನಡುವಿನ ಪಂದ್ಯಗಳಲ್ಲಿ ಇನ್ನೂ ಇಳಿಯುತ್ತದೆ. ಮೇಜರ್ ಲೀಗ್‌ನಲ್ಲಿ ಆರು ತಿಂಗಳಲ್ಲಿ 162 ಪಂದ್ಯ, ಪ್ರತಿ ದಿನವೂ ಒಬ್ಬ ಶುಕ್ರವಾರದ ಪಿಚರ್, ಅವನು ದಣಿದರೆ ಅವನಿಗಿಂತ ವೇಗವಾಗಿ ಎಸೆಯುವ ಇನ್ನೊಬ್ಬ. ಪಿಚರ್‌ನ ದಿಬ್ಬದಿಂದ ಬ್ಯಾಟರ್‌ಗೆ ಇರುವ ದೂರ 18.44 ಮೀಟರ್. ಗಂಟೆಗೆ 153 ಕಿಲೋಮೀಟರ್ ವೇಗದ ಚೆಂಡು, ಪಿಚರ್‌ನ ಮುಂಚಾಚಿದ ಕೈಯಿಂದ ಬಿಡುಗಡೆಯಾದ ಮೇಲೆ, ಸುಮಾರು 0.4 ಸೆಕೆಂಡಿನಲ್ಲಿ ಬ್ಯಾಟರ್‌ನನ್ನು ತಲುಪುತ್ತದೆ. ಬೀಸಬೇಕೋ ಬೇಡವೋ ಎಂಬ ತೀರ್ಮಾನ ಅದರ ಅರ್ಧ ಸಮಯದಲ್ಲಿಯೇ ಆಗಿಬಿಡಬೇಕು.

ವೇಗವೊಂದೇ ಆಗಿದ್ದರೆ ಕಣ್ಣು ಕ್ರಮೇಣ ಒಗ್ಗಿಕೊಳ್ಳುತ್ತದೆ. ಮೇಜರ್ ಲೀಗ್‌ನ ನಿಜವಾದ ಕಷ್ಟವೆಂದರೆ ಅಲ್ಲಿ ಬ್ಯಾಟರ್‌ನನ್ನು ಓದುತ್ತಾರೆ. ಪ್ರತಿ ಎಸೆತದ ವೇಗ, ತಿರುವು, ಬಿದ್ದ ಜಾಗ, ಬ್ಯಾಟ್‌ನಿಂದ ಚಿಮ್ಮಿದ ಕೋನ ಎಲ್ಲವನ್ನೂ ಕ್ಯಾಮೆರಾಗಳು ದಾಖಲಿಸುತ್ತವೆ; ಹೊಸ ಆಟಗಾರನೊಬ್ಬನ ದೌರ್ಬಲ್ಯವನ್ನು ಕಂಡುಹಿಡಿಯಲು ಎದುರಾಳಿಗಳಿಗೆ ಕೆಲವೇ ವಾರಗಳು ಸಾಕು. ಒಮ್ಮೆ ಕಂಡುಹಿಡಿದರೆಂದರೆ ಎದುರಾಳಿ ತಂಡಗಳ ಪಿಚರ್‌ಗಳೆಲ್ಲ ಅದೇ ಜಾಗಕ್ಕೆ ಎಸೆಯುತ್ತಾರೆ. ಆಗ ಬ್ಯಾಟರ್ ಬದಲಾಗಬೇಕು. ಅವನು ಬದಲಾದರೆ ಅವರೂ ಬದಲಾಗುತ್ತಾರೆ. ಮುಗಿಯದ ಈ ಸವಾಲು ಜವಾಬಿನಲ್ಲಿ ಉಳಿದುಕೊಳ್ಳುವ ಶಕ್ತಿ ಒಬ್ಬನಿಗೆ ಇದೆಯೋ ಇಲ್ಲವೋ ಎಂಬುದನ್ನು ಕಾಲೇಜಿನ ಯಾವ ಅಂಕಿಯೂ ತಿಳಿಸಲಾರದು, ಏಕೆಂದರೆ ಕಾಲೇಜಿನಲ್ಲಿ ಅಂಥ ಪರೀಕ್ಷೆಯೇ ನಡೆಯುವುದಿಲ್ಲ.

ಟೊರ್ಕೆಲ್ಸನ್ ಅವರ ವೃತ್ತಿಜೀವನವನ್ನು ಈ ಸವಾಲು ಜವಾಬಿನ ಕಥೆಯಾಗಿ ಓದಿದರೆ ಅದರ ಏರಿಳಿತಗಳಿಗೆ ಅರ್ಥ ಸಿಗುತ್ತದೆ. 2020ರಲ್ಲಿ ಮೈನರ್ ಲೀಗ್ ಋತುವೇ ರದ್ದಾದ್ದರಿಂದ ಆಯ್ಕೆಯಾದ ವರ್ಷ ಅವರಿಗೆ ಒಂದು ಅಧಿಕೃತ ಪಂದ್ಯವೂ ದೊರೆಯಲಿಲ್ಲ. 2021ರಲ್ಲಿ ವೆಸ್ಟ್ ಮಿಷಿಗನ್, ಈರಿ, ಟೊಲೀಡೊ ಎಂಬ ಮೈನರ್ ಲೀಗ್‌ನ ಮೂರು ಮೆಟ್ಟಿಲುಗಳನ್ನು ಒಂದೇ ಋತುವಿನಲ್ಲಿ ಹತ್ತಿ, ಮೂರೂ ಕಡೆ ಸೇರಿ 30 ಹೋಮ್ ರನ್ ಬಾರಿಸಿದರು. 2022ರ ಏಪ್ರಿಲ್ 8ರಂದು, ಋತುವಿನ ತಂಡದ ಮೊದಲ ಪಂದ್ಯದಲ್ಲೇ, ಡೆಟ್ರಾಯಿಟ್‌ನ ಫಸ್ಟ್ ಬೇಸ್‌ನಲ್ಲಿ ಕ್ಷೇತ್ರರಕ್ಷಕರಾಗಿ ಅವರು ನಿಂತಿದ್ದರು. ಅದೇ ತಂಡದಲ್ಲಿದ್ದ ಮಿಗೆಲ್ ಕಬ್ರೇರಾ ಅದೇ ತಿಂಗಳು ತಮ್ಮ 3,000ನೇ ಹಿಟ್ ಪೂರೈಸಿದರು. ಒಂದು ಯುಗ ಮುಗಿದು ಇನ್ನೊಂದು ತೊಡಗುತ್ತಿದೆ ಎಂದು ಊರು ನಂಬಿದ್ದ ವಸಂತ ಅದು.

ನಂಬಿಕೆ ಜುಲೈವರೆಗೂ ಉಳಿಯಲಿಲ್ಲ. ಸರಾಸರಿ 0.200ರ ಕೆಳಗಿಳಿದು ಹೋಮ್ ರನ್‌ಗಳು ಬತ್ತಿದಾಗ ತಂಡ ಅವರನ್ನು ಟೊಲೀಡೊಗೆ ಕಳುಹಿಸಿತು. ಋತುವಿನ ಕೊನೆಯಲ್ಲಿ ಮರಳಿ ಬಂದರೂ 110 ಪಂದ್ಯಗಳ ಒಟ್ಟು ಫಲ 0.203 ಸರಾಸರಿ, 8 ಹೋಮ್ ರನ್. ಕಾಲೇಜಿನಲ್ಲಿ 55ರಷ್ಟು ಪಂದ್ಯಗಳಲ್ಲಿ 25 ಬಾರಿಸಿದ್ದವರು ಅದರ ಎರಡು ಪಟ್ಟು ಪಂದ್ಯಗಳಲ್ಲಿ 8ಕ್ಕೆ ಇಳಿದರು. ಮುಂದಿನ ವರ್ಷ, ಅದೇ ಪಿಚರ್‌ಗಳ ಎದುರು, 159 ಪಂದ್ಯಗಳಲ್ಲಿ 31 ಹೋಮ್ ರನ್ ಬಾರಿಸಿ 94 ರನ್‌ಗಳಿಗೆ ಕಾರಣರಾದರು. ಸಮಸ್ಯೆ ಬಗೆಹರಿಯಿತು ಎಂದು ಎಲ್ಲರೂ ಅಂದುಕೊಂಡರು. 2024ರಲ್ಲಿ ಎದುರಾಳಿಗಳ ಜವಾಬು ಬಂತು: 54 ಪಂದ್ಯಗಳಲ್ಲಿ ಕೇವಲ 4 ಹೋಮ್ ರನ್, ಜೂನ್ ಆರಂಭದಲ್ಲಿ ಮತ್ತೆ ಟೊಲೀಡೊ. ಆಗಸ್ಟ್‌ನಲ್ಲಿ ಅವರು ಹಿಂತಿರುಗಿದರು. ಹತ್ತು ವರ್ಷಗಳ ನಂತರ ಟೈಗರ್ಸ್ ಪ್ಲೇಆಫ್ ತಲುಪಿದ ಆ ವರ್ಷದ ಸಂಭ್ರಮದಲ್ಲಿ ಅವರ ಹೆಸರು ಮುಂದಿನ ಸಾಲಿನಲ್ಲಿ ಇರಲಿಲ್ಲ.

ಆ ಚಳಿಗಾಲದಲ್ಲಿ ತಂಡ ತೆಗೆದುಕೊಂಡ ಒಂದು ನಿರ್ಧಾರವನ್ನು ಇಲ್ಲಿ ಗಮನಿಸಬೇಕು. ಗ್ಲೈಬರ್ ಟೊರೆಸ್ ಎಂಬ ಅನುಭವಿಯನ್ನು ಸೆಕೆಂಡ್ ಬೇಸ್‌ಗೆಂದು ಒಂದು ವರ್ಷದ ಒಪ್ಪಂದಕ್ಕೆ ಕರೆತಂದು, ಅಲ್ಲಿ ಆಡುತ್ತಿದ್ದ ಕೋಲ್ಟ್ ಕೀತ್ ಅವರನ್ನು ಫಸ್ಟ್ ಬೇಸ್‌ಗೆ ಸರಿಸಿದರು. ಫಸ್ಟ್ ಬೇಸ್ ಎಂದರೆ ಟೊರ್ಕೆಲ್ಸನ್ ಅವರ ಜಾಗ. ಐದು ವರ್ಷಗಳ ಹಿಂದೆ ದೇಶದ ಮೊದಲ ಆಯ್ಕೆಯಾಗಿದ್ದವರಿಗೆ ಹೊಸ ಋತುವಿಗೆ ನಿಶ್ಚಿತ ಸ್ಥಾನವೇ ಇರಲಿಲ್ಲ. ಅವರು ಅಭ್ಯಾಸ ಪಂದ್ಯಗಳಲ್ಲಿ ಚೆನ್ನಾಗಿ ಆಡಿ ತಂಡಕ್ಕೆ ಬಂದರು, ಫಸ್ಟ್ ಬೇಸನ್ನು ಮರಳಿ ತಮ್ಮದಾಗಿಸಿಕೊಂಡರು, 2025ರ ಋತುವನ್ನು 155 ಪಂದ್ಯ, 31 ಹೋಮ್ ರನ್‌ಗಳೊಂದಿಗೆ ಮುಗಿಸಿದರು. ಸರಾಸರಿ 0.240. ಕಾಲೇಜಿನ 0.351ರ ಬ್ಯಾಟರ್ ಅವರು ಮತ್ತೆ ಆಗಲಿಲ್ಲ, ಬಹುಶಃ ಆಗುವುದೂ ಇಲ್ಲ. ಆದರೆ ಮೇಜರ್ ಲೀಗ್‌ನಲ್ಲಿ ವರ್ಷಕ್ಕೆ 30 ಹೋಮ್ ರನ್ ದಾಟುವವರು ಕೆಲವೇ ಮಂದಿ, ಅವರಲ್ಲಿ ಇವರೂ ಒಬ್ಬರು.

ಅವರ ಮೇಲಿದ್ದ ಒತ್ತಡಕ್ಕೆ ಫಸ್ಟ್ ಬೇಸ್ ಎಂಬ ಜಾಗವೇ ಅರ್ಧ ಕಾರಣ ಎಂಬುದನ್ನು ಅಮೆರಿಕದ ಓದುಗರು ಬಲ್ಲರು, ನಮಗೆ ಅದು ಹೊಸದಾಗಿರಬಹುದು. ಶಾರ್ಟ್‌ಸ್ಟಾಪ್ ಅಥವಾ ಸೆಂಟರ್ ಫೀಲ್ಡ್‌ನಲ್ಲಿ ಆಡುವವನು ಬ್ಯಾಟಿಂಗ್‌ನಲ್ಲಿ ಸೋತರೂ ಕ್ಷೇತ್ರರಕ್ಷಣೆಯಿಂದ ತಂಡಕ್ಕೆ ಬೇಕಾದವನಾಗಿರುತ್ತಾನೆ, ಕ್ರಿಕೆಟ್‌ನ ವಿಕೆಟ್ ಕೀಪರ್‌ಗೆ ಒಂದು ಕಾಲದಲ್ಲಿ ಇದ್ದ ವಿನಾಯಿತಿಯಂತೆ. ಫಸ್ಟ್ ಬೇಸ್‌ನಲ್ಲಿ ಅಂಥ ರಕ್ಷಣೆ ಇಲ್ಲ, ಅಲ್ಲಿ ನಿಂತವನ ಬೆಲೆಯೆಲ್ಲ ಅವನ ಬ್ಯಾಟ್‌ನಲ್ಲಿದೆ. ಡ್ರಾಫ್ಟ್ ದಿನ ಟೈಗರ್ಸ್ ಟೊರ್ಕೆಲ್ಸನ್ ಅವರನ್ನು ಥರ್ಡ್ ಬೇಸ್ ಆಟಗಾರನೆಂದು ಘೋಷಿಸಿದ್ದು ಅನೇಕರಿಗೆ ಅಚ್ಚರಿ ತಂದಿತ್ತು. ಬರೀ ಬ್ಯಾಟ್ ನಂಬಿ ಮೊದಲ ಆಯ್ಕೆಯನ್ನು ಖರ್ಚು ಮಾಡುವುದು ಎಷ್ಟು ಅಪಾಯದ ಬಾಜಿ ಎಂಬ ಅರಿವು ತಂಡಕ್ಕೂ ಇತ್ತೆಂದು ಆ ಘೋಷಣೆಯಿಂದ ನಾನು ಊಹಿಸುತ್ತೇನೆ.

ಇದು ಒಬ್ಬರದೇ ಕಥೆಯಲ್ಲ. ಪೆಟಲೂಮಾದ ನೆರೆಯ ಊರಾದ ಸಾಂತಾ ರೋಸಾದ ಆಂಡ್ರೂ ವಾನ್, ಟೊರ್ಕೆಲ್ಸನ್ ಅವರಿಗಿಂತ ಒಂದು ವರ್ಷ ಮೊದಲು ಇದೇ ದಾರಿ ಹಿಡಿದವರು. ಅವರೂ ಬಲಗೈ ಬ್ಯಾಟರ್, ಅವರೂ ಫಸ್ಟ್ ಬೇಸ್ ಆಟಗಾರ, ಹೈಸ್ಕೂಲಿನಿಂದ ಅವರನ್ನೂ ಯಾರೂ ಆರಿಸಿಕೊಂಡಿರಲಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಡಿ 2018ರಲ್ಲಿ ದೇಶದ ಶ್ರೇಷ್ಠ ಹವ್ಯಾಸಿ ಆಟಗಾರನಿಗೆ ಸಲ್ಲುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿ ಪಡೆದರು, 2019ರಲ್ಲಿ ಮೂರನೆಯ ಆಯ್ಕೆಯಾಗಿ ಶಿಕಾಗೊ ವೈಟ್ ಸಾಕ್ಸ್ ಸೇರಿದರು. ಮೈನರ್ ಲೀಗ್‌ನಲ್ಲಿ 55 ಪಂದ್ಯಗಳಷ್ಟೇ ಆಡಿದ್ದ ಅವರನ್ನು 2021ರಲ್ಲಿ ನೇರವಾಗಿ ಮೇಲಕ್ಕೆ ತಂದು, ಅಭ್ಯಾಸವಿಲ್ಲದ ಲೆಫ್ಟ್ ಫೀಲ್ಡ್‌ನಲ್ಲಿ ನಿಲ್ಲಿಸಿದರು. ನಾಲ್ಕು ವರ್ಷ ಸಾಧಾರಣವಾಗಿ ಆಡಿ, ಐದನೆಯ ವರ್ಷ ಮೈನರ್ ಲೀಗ್‌ಗೆ ಇಳಿದು, 2025ರ ಜೂನ್‌ನಲ್ಲಿ ಮಿಲ್ವಾಕಿ ಬ್ರೂವರ್ಸ್‌ಗೆ ವರ್ಗವಾದ ಮೇಲೆ ಅವರ ಬ್ಯಾಟ್ ಮತ್ತೆ ಮಾತನಾಡತೊಡಗಿತು: 64 ಪಂದ್ಯಗಳಲ್ಲಿ 0.308. ಕಲಿಯಬೇಕಾದ ವಯಸ್ಸಿನಲ್ಲಿ ಕೆಳಗಿನ ಮೆಟ್ಟಿಲುಗಳನ್ನು ದಾಟಿಸಿಬಿಟ್ಟ ಅವಸರಕ್ಕೆ ವಾನ್ ತಮ್ಮ ಇಪ್ಪತ್ತರ ಹರೆಯದ ಒಳ್ಳೆಯ ವರ್ಷಗಳನ್ನು ತೆತ್ತರು ಎಂದು ನನಗೆ ಅನ್ನಿಸುತ್ತದೆ.

ಹಳೆಯ ಉದಾಹರಣೆಯೊಂದು ಪೀಟ್ ಇನ್‌ಕವೀಲ್ಯ ಅವರದು. ಒಕ್ಲಹೋಮ ಸ್ಟೇಟ್‌ಗೆ ಆಡುತ್ತಾ 1985ರ ಒಂದೇ ಋತುವಿನಲ್ಲಿ 48, ಮೂರು ವರ್ಷಗಳಲ್ಲಿ 100 ಹೋಮ್ ರನ್ ಬಾರಿಸಿದ ಅವರ ದಾಖಲೆಗಳನ್ನು ಯಾರೂ ಮುರಿದಿಲ್ಲ. ಆರಿಸಿಕೊಂಡ ಮಾಂಟ್ರಿಯಲ್ ತಂಡಕ್ಕೆ ಸೇರಲೊಪ್ಪದೆ ಟೆಕ್ಸಸ್‌ಗೆ ಹೋಗಿ, ಮೈನರ್ ಲೀಗ್ ಮುಟ್ಟದೆ 1986ರಲ್ಲಿ ಮೇಜರ್ ಲೀಗ್‌ಗೆ ಇಳಿದು 30 ಹೋಮ್ ರನ್ ಹೊಡೆದರು. ಅದೇ ಋತುವಿನಲ್ಲಿ 185 ಬಾರಿ ಸ್ಟ್ರೈಕ್‌ಔಟ್ ಆದರು. ಬಲವೂ ದೌರ್ಬಲ್ಯವೂ ಮೊದಲ ವರ್ಷವೇ ಒಟ್ಟಿಗೆ ಬಯಲಾಗಿ, ವೃತ್ತಿಯುದ್ದಕ್ಕೂ ಒಟ್ಟಿಗೇ ಉಳಿದವು. ಅವರು 206 ಹೋಮ್ ರನ್‌ಗಳೊಂದಿಗೆ ನಿವೃತ್ತರಾದರು. ಗೌರವದ ವೃತ್ತಿಜೀವನ ಅದು, ಕಾಲೇಜಿನ 100 ಮುನ್ಸೂಚಿಸಿದಷ್ಟು ಎತ್ತರದ್ದಲ್ಲ.

ಈ ಪ್ರಶ್ನೆ ಇಂದು ಹಿಂದೆಂದಿಗಿಂತ ಮುಖ್ಯವಾಗಿರುವುದಕ್ಕೆ ಕಾರಣ ಸುತ್ತಲಿನ ವ್ಯವಸ್ಥೆಯೇ ಬದಲಾಗಿರುವುದು. 2019ರವರೆಗೆ 40 ಸುತ್ತುಗಳಿದ್ದ ಡ್ರಾಫ್ಟ್ 2020ರಲ್ಲಿ ಕೋವಿಡ್ ಹೆಸರಿನಲ್ಲಿ 5ಕ್ಕೆ ಇಳಿದು, 2021ರಿಂದ 20ಕ್ಕೆ ನಿಂತಿದೆ. 2021ರಲ್ಲಿಯೇ ಮೇಜರ್ ಲೀಗ್ ತನ್ನ ಅಧೀನದ ಮೈನರ್ ಲೀಗ್ ತಂಡಗಳನ್ನು 120ಕ್ಕೆ ಇಳಿಸಿ 40ಕ್ಕೂ ಹೆಚ್ಚು ಊರುಗಳ ತಂಡಗಳನ್ನು ಕೈಬಿಟ್ಟಿತು. ಹಿಂದೆ ಹದಿನೆಂಟರ ಹುಡುಗನನ್ನು ಮೂವತ್ತನೆಯ ಸುತ್ತಿನಲ್ಲಿ ಆರಿಸಿ, ಸಣ್ಣ ಊರೊಂದರ ಮೈದಾನದಲ್ಲಿ ನಾಲ್ಕೈದು ವರ್ಷ ತಿದ್ದಿ ಬೆಳೆಸುವ ದಾರಿ ಇತ್ತು. ಆ ದಾರಿ ಈಗ ಬಹುಮಟ್ಟಿಗೆ ಮುಚ್ಚಿದೆ, ಬೆಳೆಸುವ ಹೊಣೆ ಕಾಲೇಜುಗಳ ಮೇಲೆ ಬಿದ್ದಿದೆ.

ಕಾಲೇಜುಗಳೂ ಹಿಂದಿನಂತಿಲ್ಲ. 2021ರ ಜುಲೈನಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು ಮತ್ತು ಮುಖವನ್ನು ಜಾಹೀರಾತಿಗೆ ಬಳಸಿ ಹಣ ಗಳಿಸಬಹುದು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಆಟದ ವರ್ಷ ಕಳೆದುಕೊಳ್ಳದೆ ವರ್ಗವಾಗಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಪರಿಹಾರ ಒಪ್ಪಂದದ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಬೇಸ್‌ಬಾಲ್ ತಂಡವೊಂದಕ್ಕೆ ಹಿಂದೆ ಇದ್ದ 11.7 ವಿದ್ಯಾರ್ಥಿವೇತನಗಳ ಮಿತಿ, ಅಂದರೆ ಸುಮಾರು 27 ಆಟಗಾರರು ಹಂಚಿಕೊಳ್ಳುತ್ತಿದ್ದ ಪಾಲು, ಹೋಗಿ ಈ ಒಪ್ಪಂದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ 34 ಆಟಗಾರರ ಮಿತಿ ಬಂದಿದೆ. ಮೈನರ್ ಲೀಗ್‌ನ ಮೇಲ್ದರ್ಜೆಯಾದ ಟ್ರಿಪಲ್ ಎ ಆಟಗಾರನ ಕನಿಷ್ಠ ವಾರ್ಷಿಕ ವೇತನ 2023ರ ಒಪ್ಪಂದದ ಪ್ರಕಾರ 35,800 ಡಾಲರ್. ದೊಡ್ಡ ಬೋನಸ್ ಸಿಗದ ಹುಡುಗನೊಬ್ಬ ಕಾಲೇಜಿನಲ್ಲೇ ಇನ್ನೊಂದು ವರ್ಷ ಉಳಿಯಲು ಬಯಸಿದರೆ ಅದರಲ್ಲಿ ವಿಶೇಷವೇನೂ ಇಲ್ಲ. ಇದರ ಫಲವಾಗಿ ಇಪ್ಪತ್ತೆರಡು, ಇಪ್ಪತ್ತಮೂರರ ಪಳಗಿದ ಬ್ಯಾಟರ್‌ಗಳು ಆಗಷ್ಟೇ ಹೈಸ್ಕೂಲು ಮುಗಿಸಿ ಬಂದ ಪಿಚರ್‌ಗಳನ್ನೂ ಎದುರಿಸುತ್ತಾರೆ. ಅಲ್ಲಿ ಹುಟ್ಟುವ ಅಂಕಿಗಳನ್ನು ಓದುವಾಗ ಬ್ಯಾಟರ್‌ನ ವಯಸ್ಸನ್ನೂ ಪಕ್ಕದಲ್ಲಿ ಬರೆದುಕೊಳ್ಳದಿದ್ದರೆ ತಪ್ಪು ಲೆಕ್ಕವೇ ಸಿಗುತ್ತದೆ.

2024ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಚಾರ್ಲಿ ಕಾಂಡನ್ ಈ ಹೊಸ ಕಾಲದ ಅತ್ಯುನ್ನತ ಅಂಕಿಗಳನ್ನು ಬರೆದರು: ಸರಾಸರಿ 0.433, ಹೋಮ್ ರನ್ 37. ಬ್ಯಾಟ್‌ಗಳ ಮಾನದಂಡ ಬಿಗಿಯಾದ 2011ರಿಂದ ಈಚೆಗೆ ಒಂದು ಋತುವಿನಲ್ಲಿ ಇಷ್ಟು ಹೋಮ್ ರನ್‌ಗಳನ್ನು ಅಲ್ಲಿಯವರೆಗೆ ಯಾರೂ ಬಾರಿಸಿರಲಿಲ್ಲ. ಕಾಲೇಜು ಸೇರಿದ ಮೊದಲ ವರ್ಷ ಅವರು ಒಂದು ಪಂದ್ಯವನ್ನೂ ಆಡಿರಲಿಲ್ಲ, ಮೂರನೆಯ ವರ್ಷ ಗೋಲ್ಡನ್ ಸ್ಪೈಕ್ಸ್ ಪಡೆದರು. ಆ ಜುಲೈನಲ್ಲಿ ಕೊಲರಾಡೊ ರಾಕೀಸ್ ಅವರನ್ನು ಮೂರನೆಯವರಾಗಿ ಆರಿಸಿ 92,50,000 ಡಾಲರ್ ಕೊಟ್ಟಿತು. ಕೆಲವೇ ವಾರಗಳ ನಂತರ ರಾಕೀಸ್‌ನ ಮೈನರ್ ಲೀಗ್ ತಂಡವಿರುವ ಸ್ಪೋಕೇನ್‌ನಲ್ಲಿ ಮರದ ಬ್ಯಾಟ್ ಹಿಡಿದು ಆಡಿದ ಮೊದಲ 25 ಪಂದ್ಯಗಳಲ್ಲಿ ಅವರ ಸರಾಸರಿ 0.180, ಹೋಮ್ ರನ್ ಒಂದು.

ಆ 0.180ನ್ನು ಹಿಡಿದು ಕಾಂಡನ್ ಬಗ್ಗೆಯೂ ಆಗ ಅವಸರದ ಮಾತುಗಳು ಕೇಳಿಬಂದವು. 25 ಪಂದ್ಯಗಳು ಮೈನರ್ ಲೀಗ್‌ನ ಒಂದು ತಿಂಗಳ ಆಟ. 2025ರ ವಸಂತದಲ್ಲಿ ಮಣಿಕಟ್ಟಿನ ಮೂಳೆ ಮುರಿದು ಕೆಲ ಕಾಲ ಹೊರಗುಳಿದ ಅವರು ಸ್ಪೋಕೇನ್‌ಗೇ ಮರಳಿ ಬಂದು 0.300ರ ಮೇಲೆ ಆಡಿ, ಮುಂದಿನ ಮೆಟ್ಟಿಲಾದ ಹಾರ್ಟ್‌ಫರ್ಡ್‌ಗೆ ಏರಿದರು. ಅಲ್ಲಿ ಮತ್ತೆ ಸರಾಸರಿ ಇಳಿಯಿತು. ಟೊರ್ಕೆಲ್ಸನ್ ಟೊಲೀಡೊಗೆ ಎರಡು ಬಾರಿ ಇಳಿದು ಎರಡು ಬಾರಿ ಹತ್ತಿದ್ದನ್ನು ನೋಡಿದವರು ಈ ಇಳಿತವನ್ನು ಕಾಂಡನ್‌ಗೆ ಎದುರಾಳಿಗಳಿಂದ ಬಂದ ಮೊದಲ ಜವಾಬೆಂದು ಓದುತ್ತಾರೆ. ಅದಕ್ಕೆ ಅವರು ಕೊಡುವ ಉತ್ತರ 37 ಹೋಮ್ ರನ್‌ಗಳಲ್ಲಿ ಸಿಗುವುದಿಲ್ಲ, ಹಾರ್ಟ್‌ಫರ್ಡ್‌ನಂಥ ಊರಿನ ಸಂಜೆಯ ಪಂದ್ಯಗಳಲ್ಲಿ, ಬೀಸದೆ ಬಿಟ್ಟ ಚೆಂಡುಗಳ ಲೆಕ್ಕದಲ್ಲಿ ಅದನ್ನು ಹುಡುಕಬೇಕು.